ಮೂಲೆ ಕಂಬದ ಬುಡ

ಮಹಡಿ ಕೋಣೆಯ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ. ಇದ್ದ ತೊಂದರೆ ಇಷ್ಟೇ. ಯಾರ ಮನೆಯಲ್ಲಿ ಇಲ್ಲ ಹೇಳಿ, ಇಂಥದೊಂದು ಹಟಮಾರಿ ಬಾಗಿಲು? ಮಳೆಗೆ ಮರ ಉಬ್ಬಿದೆ ಎಂದು ಮನೆಯ ಯಜಮಾನರಾದ ಪೇಂಟರ್ ಮಾವ ಅದರ ಮೇಲಂಚನ್ನು ಹೆರೆದು, ಹೆರೆದ ಜಾಗಕ್ಕೆ ಬಣ್ಣವನ್ನೂ ಬಳಿದು ಕೊಟ್ಟರು. ಬಾಗಿಲು ಕೆಲವು ದಿನ ಮಾತು ಕೇಳಿತು. ಆಮೇಲೆ ಮತ್ತೆ ಕಚ್ಚಿಕೊಂಡಿತು.

ಆ ಕೋಣೆಯಲ್ಲಿ ಮಲಗುವವರು ಅವರ ಮಗ, ಸೊಸೆ ಮತ್ತು ಇನ್ನೂ ಅಂಬೆಗಾಲಿಡದ ಒಂದು ಕೂಸು. ಮಗನ ಮದುವೆಯ ಹೊತ್ತಿಗೆ ಮನೆಯಲ್ಲಿ ಜಾಗ ಸಾಲದೆ ಕಟ್ಟಿಸಿದ ಕೋಣೆ ಅದು. ಹಿಂಬದಿ ಮನೆಯ ಗೋಡೆಯ ಮೇಲೆ ಕೂತಿದೆ. ಮುಂಬದಿಗೆ ಮೂರು ಕಬ್ಬಿಣದ ಕಂಬಗಳ ಆಸರೆ. ಕಂಬಗಳ ಮೇಲೆ ಕಬ್ಬಿಣದ ತೊಲೆ, ತೊಲೆಯ ಮೇಲೆ ನೆಲ. ಕೋಣೆಯ ಕೆಳಗಿನ ಅಂಗಳದಲ್ಲಿ ಮಾವನ ಡಬ್ಬ, ಏಣಿ, ಬ್ರಶ್ಶುಗಳ ಸಂಸಾರ. ಮೂಲೆಯ ಕಂಬದ ಪಕ್ಕದಲ್ಲೇ ನಲ್ಲಿ ಮತ್ತು ಬಟ್ಟೆ ಒಗೆಯುವ ಕಲ್ಲು.

ಪೇಂಟರ್ ಮಾವನಿಗೆ ಆ ಕಂಬಗಳೆಂದರೆ ಬಹಳ ಅಭಿಮಾನ. ಗಿರಾಕಿಗಳ ಮನೆಯಲ್ಲಿ ಮಿಕ್ಕ ಬಣ್ಣವನ್ನೆಲ್ಲ ಕಲಸಿ ವರ್ಷಕ್ಕೊಮ್ಮೆ ಅವಕ್ಕೆ ಬಳಿಯುತ್ತಿದ್ದರು. ಒಂದು ವರ್ಷ ನೀಲಿ, ಒಂದು ವರ್ಷ ಹಸಿರು, ಇನ್ನೊಂದು ವರ್ಷ ಹೆಸರೇ ಇಲ್ಲದ ಯಾವುದೋ ಬಣ್ಣ. "ಪೇಂಟರ್ ಮನೇಲಿ ಮನುಷ್ಯರಿಗಿಂತ ಕಂಬಗಳೇ ಮೈ ತುಂಬ್ಕೊಂಡಿವೆ" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಮಾವ ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದರು.

ಸೊಸೆಗೆ ಮಾತ್ರ ಸಮಾಧಾನವಿರಲಿಲ್ಲ.

"ಅತ್ತೆ, ಹಾಲಿನ ಬಾಟಲಿ ನೆಲದ ಮೇಲೆ ಮಲಗಿಸಿದ್ರೆ ತಾನಾಗೇ ಮೂಲೆಗೆ ಉರುಳ್ಕೊಂಡು ಹೋಗುತ್ತೆ."

"ಉರುಳದೆ ಇನ್ನೇನು ಮಾಡುತ್ತೆ? ಬಾಟಲಿ ಗುಂಡಗಿದೆ."

"ಮೊದಲು ಉರುಳ್ತಿರಲಿಲ್ಲ."

"ಮೊದಲು ನಿನಗೆ ಬಾಟಲಿ ನೋಡ್ಕೊಂಡು ಕೂರೋಕೆ ಪುರುಸೊತ್ತು ಇರಲಿಲ್ಲ. ಹೆತ್ತವರ ಮನಸ್ಸು ಹೀಗೇ ಕಣೇ, ಎಲೆ ಅಲ್ಲಾಡಿದ್ರೂ ಹೆದರುತ್ತೆ. ನನಗೂ ಹಾಗೇ ಆಗ್ತಿತ್ತು."

ಗಂಡ ಬಸ್ ಡ್ರೈವರ್. ಅವನ ಹತ್ತಿರ ಹೇಳಿದರೆ ಅವನು ದನಿ ತಗ್ಗಿಸಿದ. "ಅಪ್ಪನ ಮುಂದೆ ಎತ್ತಬೇಡ. ಅಷ್ಟು ಮುತುವರ್ಜಿಯಿಂದ ಬಣ್ಣ ಹೊಡೀತಾರೆ, ನೊಂದ್ಕೋತಾರೆ. ರಜಾ ಸಿಕ್ಕಾಗ ನಾನೇ ನೋಡ್ತೀನಿ." ರಜೆ ಸಿಗಲಿಲ್ಲ. ಹೆದರಿದ ಹೆಂಗಸಿಗೆ ಬುದ್ಧಿ ಹೇಳುವುದು ಎಲ್ಲರಿಗೂ ಸುಲಭ. ಬಗ್ಗಿ ಒಮ್ಮೆ ನೆಲ ನೋಡುವುದಕ್ಕೆ ಯಾರಿಗೂ ಬಿಡುವಿರುವುದಿಲ್ಲ.

ಕೊನೆಗೆ ಅವಳು ಹೋದದ್ದು ಬೋಲ್ಟಕ್ಕನ ಹತ್ತಿರ. ಬೀದಿಯ ತುದಿಯಲ್ಲಿ ಗೇಟು, ಮೆಟ್ಟಿಲು, ಶೆಡ್ಡು ಮಾಡಿಕೊಡುವ ಕಬ್ಬಿಣದ ಕಾರ್ಖಾನೆ ಅವರದು. ಸಣ್ಣದು, ಆದರೆ ಕೆಲಸ ಅಚ್ಚುಕಟ್ಟು. ಯಾರು ಏನು ಮಾಡಿಸಲು ಬಂದರೂ, "ಆದಷ್ಟು ಬೋಲ್ಟ್ ಹಾಕ್ಸಿ, ನಾಳೆ ಬೇಡ ಅಂದ್ರೆ ಬಿಚ್ಚಬಹುದು" ಎನ್ನುವುದು ಅವರ ಪಲ್ಲವಿ. ಹಾಗಾಗಿ ಆ ಹೆಸರು.

ಮಧ್ಯಾಹ್ನ ಬೋಲ್ಟಕ್ಕ ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಹಿಡಿದು ಬಂದರು. ಮಾವ ಕೆಲಸಕ್ಕೆ ಹೋಗಿದ್ದರು. ಅತ್ತೆ ಒಣಗಿದ ಬಟ್ಟೆ ಮಡಚುತ್ತಾ, "ಬಾರಮ್ಮ, ನಮ್ಮ ಸೊಸೆ ಕಂಬಕ್ಕೂ ಜ್ವರ ಬಂದಿದೆ ಅಂತಾಳೆ, ನಾಡಿ ನೋಡು" ಎಂದು ನಕ್ಕರು.

ಬೋಲ್ಟಕ್ಕ ಮೊದಲ ಕಂಬದ ಬುಡಕ್ಕೆ ಸುತ್ತಿಗೆಯಿಂದ ತಟ್ಟಿದರು. ಠಣ್ ಎಂದಿತು. ಎರಡನೆಯದೂ ಠಣ್ ಎಂದಿತು. ಮೂಲೆಯ ಕಂಬ ಥಪ್ ಎಂದಿತು. ಒದ್ದೆ ಗೋಣಿಚೀಲಕ್ಕೆ ತಟ್ಟಿದ ಸದ್ದು. ಅವರು ಮತ್ತೊಮ್ಮೆ ತಟ್ಟಲಿಲ್ಲ. ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಮಂಡಿಯೂರಿದರು.

ಅಂಗಳಕ್ಕೆ ಟೈಲ್ಸ್ ಹಾಕಿಸಿ ನೆಲ ಎತ್ತರಿಸಿದಾಗ ಕಂಬದ ಬುಡ ಅದರೊಳಗೆ ಹೂತುಹೋಗಿತ್ತು. ಸುತ್ತಲೂ ಒಂದು ಸಣ್ಣ ತಗ್ಗು, ತಗ್ಗಿನಲ್ಲಿ ಬಟ್ಟೆ ಒಗೆದ ಸೋಪಿನ ನೀರು ನಿಂತಿತ್ತು. ಬೋಲ್ಟಕ್ಕ ಸ್ಕ್ರೂಡ್ರೈವರಿನ ತುದಿಯಿಂದ ಬಣ್ಣವನ್ನು ಕೆದಕಿದರು. ಒಣಗಿದ ಹುಣ್ಣಿನ ಹಕ್ಕಳೆಯ ಹಾಗೆ ಪದರಕ್ಕೆ ಪದರವೇ ಎದ್ದುಬಂತು. ನೀಲಿ, ಹಸಿರು, ಹೆಸರಿಲ್ಲದ ಬಣ್ಣ, ಎಲ್ಲದರ ಕೆಳಗೆ ಕಂದು ಹಿಟ್ಟು. ಅವರು ಒತ್ತಿದರು. ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು.

"ಮೇಲೆ ಯಾರಿದ್ದಾರೆ?" ಬೋಲ್ಟಕ್ಕನ ದನಿ ಬದಲಾಗಿತ್ತು.

"ಕೂಸು ಮಲಗಿದೆ" ಎಂದಳು ಸೊಸೆ.

ಅತ್ತೆಯ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಅವರು ಮೆಟ್ಟಿಲಿನ ಕಡೆ ಹೊರಟರು. ಬೋಲ್ಟಕ್ಕ ಅವರ ತೋಳು ಹಿಡಿದು ನಿಲ್ಲಿಸಿದರು.

"ಅತ್ತಿಗೆ, ನೀವು ಬೇಡ. ಒಬ್ಬರು ಸಾಕು, ಹಗುರ ಇರೋರು. ನೀನು ಹೋಗು ಮಗಳೇ. ಓಡಬೇಡ. ಮನೆಗೋಡೆ ಪಕ್ಕದಲ್ಲೇ ಹೋಗು, ಗೋಡೆ ಪಕ್ಕದಲ್ಲೇ ಬಾ."

ಸೊಸೆ ಮನೆಯೊಳಗಿನ ಮೆಟ್ಟಿಲು ಹತ್ತಿದಳು. ಬೆಕ್ಕು ನುಗ್ಗೀತೆಂದು ತಾನೇ ಒತ್ತಿ ಎಳೆದು ಹಾಕಿದ್ದ ಬಾಗಿಲು ಈಗ ಬಿಗಿದುಕೊಂಡಿತ್ತು. ಜೋರಾಗಿ ತಳ್ಳಿದರೆ ಕೋಣೆಯೆಲ್ಲ ಅದುರುತ್ತದೆ. ತಳ್ಳದಿದ್ದರೆ ತೆರೆಯುವುದಿಲ್ಲ. ಅವಳು ಹೆಗಲು ಕೊಟ್ಟು, ಉಸಿರು ಹಿಡಿದು, ಮೆಲ್ಲಮೆಲ್ಲಗೆ ಒತ್ತಿದಳು. ಬಾಗಿಲು ಕಿರುಗುಟ್ಟಿ ಬಿಟ್ಟುಕೊಂಡಿತು.

ಗಾಳಿ ಬರಲಿ ಎಂದು ಕೂಸನ್ನು ಮಲಗಿಸಿದ್ದು ಮೂಲೆಯ ಕಿಟಕಿಯ ಕೆಳಗೆ. ಅಂದರೆ ಸರಿಯಾಗಿ ಆ ಕಂಬದ ನೆತ್ತಿಯ ಮೇಲೆ. ಗೋಡೆ ಬಿಟ್ಟು ಹೋಗಬೇಡ ಎಂದಿದ್ದಾರೆ, ಕೂಸು ಇರುವುದು ಆ ತುದಿಯಲ್ಲಿ. ಅವಳು ಕಾಲನ್ನು ಗೋಡೆಗೆ ಆನಿಸಿ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದಳು. ಹಾಸಿಗೆಯ ಅಂಚು ಬೆರಳಿಗೆ ಸಿಕ್ಕಿತು. ಇಂಚಿಂಚಾಗಿ ಎಳೆದುಕೊಂಡಳು. ಕೂಸು ನಿದ್ದೆಯಲ್ಲೇ ಒಮ್ಮೆ ತುಟಿ ಚಪ್ಪರಿಸಿತು. ಅದನ್ನು ಎದೆಗೆ ಒತ್ತಿಕೊಂಡು ಕೆಳಗಿಳಿದ ಮೇಲೆ ಅವಳಿಗೆ ಅಳು ಬಂತು, ಅಲ್ಲಿಯವರೆಗೂ ಬಂದಿರಲಿಲ್ಲ.

ಅಷ್ಟರಲ್ಲಿ ಬೋಲ್ಟಕ್ಕ ಫೋನ್ ಮಾಡಿ ಕೆಲಸದವರನ್ನು ಕರೆಸಿದ್ದರು. ಅವರು ಕಬ್ಬಿಣದ ಜಾಕಿಗಳನ್ನು ಹೊತ್ತು ತಂದರು. ತೊಲೆಯ ಕೆಳಗೆ ದಪ್ಪ ಹಲಗೆ ಕೊಟ್ಟು, ಜಾಕಿ ನಿಲ್ಲಿಸಿ, ತಿರುಪಿ ತಿರುಪಿ ಭಾರವನ್ನು ಅದರ ಮೇಲೆ ತಂದರು. ಪ್ರತಿ ತಿರುವಿಗೂ ಮೇಲೆ ಏನೋ ನರಳಿದ ಸದ್ದು. ಬೀದಿಯವರೆಲ್ಲ ಸೇರಿದರು. ಆವತ್ತು ಯಾರೂ ತಮಾಷೆ ಮಾಡಲಿಲ್ಲ.

ಆ ಗುಂಪನ್ನು ಸೀಳಿಕೊಂಡು ಪೇಂಟರ್ ಮಾವ ಬಂದರು. ಮೊದಲು ಕಂಡದ್ದು ನೆಲದ ಮೇಲೆ ಬಿದ್ದಿದ್ದ ಬಣ್ಣದ ಚಕ್ಕೆಗಳು.

"ಯಾರು ನನ್ನ ಕಂಬ ಕೆರೆದೋರು?"

ಬೋಲ್ಟಕ್ಕ ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟರು. ಮಾವ ಬಗ್ಗಿ ಚುಚ್ಚಿದರು. ಹೊರಗೆ ಎಳೆದು ಇನ್ನೊಂದು ಕಡೆ ಚುಚ್ಚಿದರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

"ಗಿರಾಕಿ ಮನೇಲಾದ್ರೆ ತುಕ್ಕು ಕೆರೀದೆ ಬ್ರಶ್ ಮುಟ್ಟಲ್ಲ ನಾನು" ಎಂದರು. "ತಂತಿ ಬ್ರಶ್ಶಲ್ಲಿ ಉಜ್ಜಿ, ಉಪ್ಪುಕಾಗದ ಹಾಕಿ, ಕೆಂಪು ಪ್ರೈಮರ್ ಕೊಟ್ಟು, ಆಮೇಲೆ ಬಣ್ಣ. ನಮ್ಮನೇದಲ್ವಾ, ಮಿಕ್ಕಿದ್ದು ಬಳಿದ್ರಾಯ್ತು ಅಂತ ಬಳಿದೆ."

ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇದಕ್ಕೇ. ಆದರೆ ಆ ಹೊತ್ತಿನಲ್ಲಿ ಆ ಮಾತನ್ನು ಮಾವನ ಮುಖಕ್ಕೆ ಹೇಳುವಷ್ಟು ಕಲ್ಲೆದೆ ಅಲ್ಲಿ ಯಾರಿಗೂ ಇರಲಿಲ್ಲ.

ಸಂಜೆ ಮಗನೂ ಬಂದ. ಎಲ್ಲರೂ ಕೆಳಗಿನ ಒಂದೇ ಕೋಣೆಯಲ್ಲಿ ಕೂತರು. ಗಾಳಿ ಬೀಸಿದಾಗಲೆಲ್ಲ ಮಾತು ನಿಲ್ಲುತ್ತಿತ್ತು, ಎಲ್ಲರ ಕಣ್ಣೂ ಸೂರಿನ ಕಡೆ ಹೋಗುತ್ತಿತ್ತು.

"ಕಬ್ಬಿಣದ ಸಹವಾಸವೇ ಸಾಕು" ಎಂದರು ಅತ್ತೆ. "ನಂಬಿಸಿ ಕತ್ತು ಕುಯ್ಯೋ ಜಾತಿ ಅದು."

"ನಾಳೇನೇ ಎಲ್ಲ ಕತ್ತರಿಸಿ ಗುಜರಿಗೆ ಹಾಕ್ಬಿಡೋಣ" ಎಂದರು ಮಾವ. "ಮೂರು ಕಂಬ, ತೊಲೆ, ಒಂದೂ ಬೇಡ. ಸಿಮೆಂಟ್ ಕಂಬ ಎಬ್ಬಿಸೋಣ. ಇಲ್ಲಾಂದ್ರೆ ಎಲ್ಲಾ ಹೊಸ ಕಬ್ಬಿಣ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರಂತೆ" ಎಂದರು ಬೋಲ್ಟಕ್ಕ. "ಅಣ್ಣ, ಕೊಳೆತಿರೋದು ಒಂದು ಕಂಬದ ಬುಡ. ಕೊಳೆಸಿದ್ದು ಕಬ್ಬಿಣ ಅಲ್ಲ, ನಿಂತ ನೀರು. ಮಿಕ್ಕಿದ್ದು ಗಟ್ಟಿಯಾಗಿರೋ ಹಾಗೆ ಕಾಣುತ್ತೆ. ಅದನ್ನ ಯಾಕೆ ಬೀಳಿಸ್ತೀರಿ? ಸಿಮೆಂಟ್ ಕಂಬದ ಹೊಟ್ಟೇಲಿ ಇರೋದೂ ಕಬ್ಬಿಣದ ಸರಳೇ. ಅದಕ್ಕೂ ನೀರು ಕುಡಿಸಿದ್ರೆ ತುಕ್ಕು ಹಿಡಿಯುತ್ತೆ. ಸಿಮೆಂಟ್ ಮಾಡೋಕೂ ಸುಣ್ಣದ ಕಲ್ಲು ಸುಡ್ಬೇಕು, ಅದೂ ಹೊಗೆಯೇ. ಮೇಲಾಗಿ ನಾಳೆ ಬೇಡ ಅಂದ್ರೆ ಒಡೀಬೇಕು, ಬಿಚ್ಚೋಕಾಗಲ್ಲ."

ಮಗ ಕೇಳಿದ. "ಹೊಸ ಕಬ್ಬಿಣ ತಂದ್ರೆ ತಪ್ಪೇನಕ್ಕ? ಹಳೇದು ಗುಜರಿಗೆ ಹೋಗುತ್ತೆ, ಕರಗಿ ಮತ್ತೆ ಕಬ್ಬಿಣವೇ ಆಗುತ್ತಲ್ಲ. ಯಾರಿಗೂ ನಷ್ಟ ಇಲ್ಲ."

"ಕರಗುತ್ತೆ, ಎಷ್ಟು ಸಲ ಬೇಕಾದ್ರೂ ಕರಗುತ್ತೆ, ಅದೇ ಅದರ ದೊಡ್ಡ ಗುಣ. ಮರ ಸುಟ್ಟರೆ ಬೂದಿ, ಕಾಂಕ್ರೀಟ್ ಒಡೆದರೆ ಜಲ್ಲಿ, ಕಬ್ಬಿಣ ಕರಗಿಸಿದ್ರೆ ಮತ್ತೆ ಕಬ್ಬಿಣ. ಆದ್ರೆ ಊರಿಗೆಲ್ಲ ಬೇಕಾದಷ್ಟು ಹಳೇ ಕಬ್ಬಿಣ ಪ್ರಪಂಚದಲ್ಲಿ ಇಲ್ಲಪ್ಪ. ನೀನು ಗಟ್ಟಿ ಇರೋ ತೊಲೆ ಎಸೆದು ಹೊಸದು ಕೇಳಿದ್ರೆ, ಎಲ್ಲೋ ಒಂದು ಗುಡ್ಡ ಅಗೀತಾರೆ, ಕಲ್ಲಿದ್ದಲು ಸುಡ್ತಾರೆ. ಹಾಗೆ ಅದಿರಿನಿಂದ ಒಂದು ಕಿಲೋ ಉಕ್ಕು ಮಾಡೋಕೆ ಹೆಚ್ಚುಕಡಿಮೆ ಎರಡು ಕಿಲೋ ಇಂಗಾಲದ ಅನಿಲ ಗಾಳಿಗೆ ಸೇರುತ್ತೆ. ಭೂಮಿ ಬಿಸಿಯಾಗ್ತಿರೋದು ಅದರಿಂದಲೇ. ಗುಜರಿ ಕರಗಿಸೋದ್ರಲ್ಲಿ ಅದು ಬಹಳ ಕಡಿಮೆ, ಆದ್ರೂ ಬಿಟ್ಟಿ ಅಲ್ಲ. ಏನೂ ಕರಗಿಸ್ದೆ ಇರೋದನ್ನೇ ಉಳಿಸ್ಕೊಂಡ್ರೆ ಎಲ್ಲಕ್ಕಿಂತ ಕಡಿಮೆ."

"ಎಲ್ಲೋ ದೂರದ ಹೊಗೆ" ಎಂದರು ಅತ್ತೆ, ಗೊಣಗುವ ದನಿಯಲ್ಲಿ.

"ಹೊಗೆಗೆ ಗೇಟ್ ಹಾಕೋಕೆ ನನಗಿನ್ನೂ ಬಂದಿಲ್ಲ ಅತ್ತಿಗೆ. ಕಲಿತ ದಿನ ನಿಮ್ಮನೆಗೇ ಮೊದಲು ಹಾಕ್ತೀನಿ."

ಅತ್ತೆಗೆ ನಗು ಬಂತು. ಸೊಸೆಗೆ ಬರಲಿಲ್ಲ. ಅವಳು ಕೂಸನ್ನು ಮಡಿಲಿನಿಂದ ಇಳಿಸಿರಲೇ ಇಲ್ಲ.

"ಅಕ್ಕ, ನೀವು ಹೇಳೋದೆಲ್ಲ ಸರಿ ಇರಬಹುದು" ಎಂದಳು. "ಗುಡ್ಡ, ಹೊಗೆ, ಭೂಮಿ. ನಾನು ಸ್ವಾರ್ಥಿ ಅಂದ್ಕೊಳ್ಳಿ. ನನಗೆ ನನ್ನ ಕೂಸು ಮೊದಲು. ಹಳೇ ಕಬ್ಬಿಣದ ಮೇಲೆ ಅದನ್ನ ಮತ್ತೆ ಮಲಗಿಸ್ಲಾ?"

ಬೋಲ್ಟಕ್ಕ ಅವಳ ಕಡೆ ತಿರುಗಿದರು.

"ಕೇಳ್ಬೇಕಾದ್ದನ್ನೇ ಕೇಳಿದೆ. ಬರೀ ನನ್ನ ಮಾತಿನ ಮೇಲೆ ಮಲಗಿಸ್ಬೇಡ. ನನ್ನ ಸುತ್ತಿಗೆ ಅನುಮಾನ ಹೇಳುತ್ತೆ, ಭರವಸೆ ಹೇಳಲ್ಲ. ಇಂಜಿನಿಯರ್ ಬಂದು ಅಳೆದು ನೋಡಲಿ. ಅವರು ಬೇಡ ಅಂದಿದ್ದನ್ನ ನಾನೇ ಗುಜರಿಗೆ ಹೊತ್ಕೊಂಡು ಹೋಗ್ತೀನಿ."

ಇಂಜಿನಿಯರ್ ಮೇಡಂ ಬಂದರು. ಮಾತು ಕಡಿಮೆ, ಕೆಲಸ ಹೆಚ್ಚು. ಕಬ್ಬಿಣ ಎಷ್ಟು ದಪ್ಪ ಉಳಿದಿದೆ ಎಂದು ತೋರಿಸುವ ಒಂದು ಪುಟ್ಟ ಯಂತ್ರವನ್ನು ತೊಲೆಗೂ ಕಂಬಗಳಿಗೂ ಒತ್ತಿ ಒತ್ತಿ ನೋಡಿದರು. ಸೊಸೆ ಅವರ ಹಿಂದೆಯೇ ಅಂಗಳ ಸುತ್ತಿದಳು, ಅವರ ಹುಬ್ಬು ಗಂಟಾದಾಗಲೆಲ್ಲ ಬಗ್ಗಿ ಯಂತ್ರವನ್ನು ನೋಡಿದಳು.

"ತೊಲೆ ಚೆನ್ನಾಗಿದೆ" ಎಂದರು ಮೇಡಂ ಕೊನೆಗೆ. "ಈ ಎರಡು ಕಂಬದಲ್ಲಿ ಮೇಲ್ಮೈ ತುಕ್ಕು ಮಾತ್ರ, ಶಕ್ತಿ ಇದೆ. ಮೂಲೇದು ಹೋಗಿದೆ, ಅದು ಕುಸಿದೇ ಕೋಣೆ ವಾಲಿ ಬಾಗಿಲು ಕಚ್ಕೊಂಡಿದ್ದು. ಅದನ್ನ ಪೂರ್ತಿ ಬದಲಾಯಿಸಿ."

ಬೋಲ್ಟಕ್ಕ ತಮ್ಮ ಶೆಡ್ಡಿನಿಂದ ಎರಡು ಹಳೆಯ ಕಂಬಗಳನ್ನು ತರಿಸಿದ್ದರು. ನೋಡಲು ಎರಡೂ ಒಂದೇ. ಅತ್ತೆ ದೂರದಲ್ಲೇ ನಿಂತು ಮುಖ ಸಿಂಡರಿಸಿದರು. "ಯಾರದೋ ಮನೆ ಬಿದ್ದ ಕಂಬ ನಮ್ಮ ಮನೆಗೆ ತರ್ತೀಯಾ?"

"ಬಿದ್ದಿದ್ದಲ್ಲ ಅತ್ತಿಗೆ, ಬಿಚ್ಚಿದ್ದು. ಇದು ಒಂದು ಗೋಡೌನಿಂದು, ಆ ಗೋಡೌನ್ ಬೇರೆ ಕಡೆಗೆ ಹೋದಾಗ ಬೋಲ್ಟ್ ತೆಗೆದು ಇಳಿಸಿದ್ವಿ. ಬೆಸುಗೆ ಹಾಕಿದ್ದಿದ್ರೆ ಕತ್ತರಿಸಿ ತುಂಡು ಮಾಡ್ಬೇಕಿತ್ತು. ಈ ಇನ್ನೊಂದು ಬೇರೆ ಶೆಡ್ಡಿಂದು."

ಮೇಡಂ ಆ ಇನ್ನೊಂದನ್ನು ನೋಡಿ ನಿಂತರು. ಅದರ ಒಂದು ಬದಿಯಲ್ಲಿ ಸಣ್ಣ ಸೊಟ್ಟ, ಮೇಲೆ ಬಣ್ಣ ಬೆಂದು ಗುಳ್ಳೆ ಎದ್ದ ಗುರುತು. "ಈ ಶೆಡ್ಡಿಗೆ ಬೆಂಕಿ ಬಿದ್ದಿತ್ತಾ?"

"ಬಿದ್ದಿತ್ತಂತೆ" ಎಂದರು ಬೋಲ್ಟಕ್ಕ, ದನಿ ಸಣ್ಣದಾಗಿ.

"ಹಾಗಾದ್ರೆ ಬೇಡ. ಬೆಂದಿದ್ದು, ಬಾಗಿದ್ದು, ಸುತ್ತಿಗೆಯಲ್ಲಿ ಹೊಡೆದು ನೆಟ್ಟಗೆ ಮಾಡಿದ್ದು, ಇದ್ಯಾವುದನ್ನೂ ಮನೆ ಹೊರೋಕೆ ನಿಲ್ಲಿಸ್ಬೇಡಿ. ಅದು ಕುಲುಮೆಗೆ ಹೋಗಲಿ. ಗೋಡೌನಿನ ಕಂಬ ಆಗುತ್ತೆ."

"ನನ್ನ ಕಣ್ಣಿಗೆ ಎರಡೂ ಒಂದೇ ಅನ್ನಿಸಿತ್ತು" ಎಂದು ಬೋಲ್ಟಕ್ಕ ಎಲ್ಲರೆದುರೇ ಒಪ್ಪಿಕೊಂಡರು. ಸೊಸೆ ಬೆಂದ ಕಂಬದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಮೊದಲ ಸಲ ಅವಳಿಗೆ ಸ್ವಲ್ಪ ನಂಬಿಕೆ ಹುಟ್ಟಿದ್ದೂ ಆಗಲೇ. ಬೇಡ ಎನ್ನಲು ಬರುವವರು ಸರಿ ಎಂದರೆ ಅದಕ್ಕೆ ಬೆಲೆ ಇರುತ್ತದೆ.

ಕೆಲಸ ಶುರುವಾಯಿತು. ಜಾಕಿಗಳ ಮೇಲೆ ಭಾರ ಬಿಟ್ಟು ಕೊಳೆತ ಕಂಬವನ್ನು ತೆಗೆದರು. ಅಲ್ಲಿ ನಿಲ್ಲಿಸುವ ಗೋಡೌನಿನ ಕಂಬದ ಬುಡವನ್ನು ಈ ಸಲ ನೆಲದೊಳಗೆ ಹೂಳಲಿಲ್ಲ. ಅಂಗಳಕ್ಕಿಂತ ಎತ್ತರಕ್ಕೆ ಕಾಂಕ್ರೀಟಿನ ಪೀಠ ಮಾಡಿ, ಅದು ಗಟ್ಟಿಯಾಗುವವರೆಗೂ ಕಾದು, ಅದರ ಮೇಲೆ ತಟ್ಟೆ ಇಟ್ಟು ಬೋಲ್ಟಿನಿಂದ ಬಿಗಿದರು. ಉಳಿದೆರಡು ಕಂಬಗಳ ಸುತ್ತಲೂ ಟೈಲ್ಸ್ ಒಡೆದು ಬುಡ ಬಿಡಿಸಿದರು. ನೀರು ನಿಲ್ಲದೆ ಹರಿದುಹೋಗುವಂತೆ ಅಂಗಳಕ್ಕೆ ಇಳಿಜಾರು ಕೊಟ್ಟರು, ಬಟ್ಟೆ ಒಗೆಯುವ ಕಲ್ಲನ್ನು ಆಚೆ ಸರಿಸಿದರು.

ಬಣ್ಣ ಕೆರೆಯುವ ಕೆಲಸವನ್ನು ಮಾವ ಯಾರಿಗೂ ಬಿಟ್ಟುಕೊಡಲಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಪುಡಿ ಮಕ್ಕಳಿಗೆ ವಿಷ ಎಂದು ಮೇಡಂ ಎಚ್ಚರಿಸಿದ್ದರು. ಹಾಗಾಗಿ ಸೊಸೆಯನ್ನೂ ಕೂಸನ್ನೂ ಪಕ್ಕದ ಮನೆಗೆ ಕಳಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿಕೊಂಡು ಕೆರೆದರು. ಚಕ್ಕೆಗಳನ್ನೆಲ್ಲ ಗುಡಿಸಿ ಮುಚ್ಚಳದ ಡಬ್ಬಕ್ಕೆ ತುಂಬಿದರು. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಉಜ್ಜಿ, ಒರೆಸಿ ಒಣಗಿಸಿ, ಆಮೇಲೆ ಪ್ರೈಮರ್ ಹಚ್ಚಿದರು.

ಜಾಕಿ ತೆಗೆಯುವ ದಿನ ಬಂತು. ಮೇಡಂ ಎಲ್ಲ ಬೋಲ್ಟುಗಳನ್ನೂ ಪರೀಕ್ಷಿಸಿ ತಲೆಯಾಡಿಸಿದರು. ಬೋಲ್ಟಕ್ಕ ಜಾಕಿಯನ್ನು ಹಿಂದಕ್ಕೆ ತಿರುಪಿದರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಭಾರ ಕಂಬದ ಮೇಲೆ ಇಳಿಯಿತು. ಏನೂ ಅಲುಗಲಿಲ್ಲ, ಏನೂ ನರಳಲಿಲ್ಲ. ಆದರೂ ಮೆಟ್ಟಿಲ ಕಡೆಗೆ ಯಾರ ಕಾಲೂ ಏಳಲಿಲ್ಲ.

"ನಾನು ಹೋಗ್ತೀನಿ" ಎಂದರು ಮಾವ.

ಒಬ್ಬರೇ ಹತ್ತಿದರು. ಅವರ ಹೆಜ್ಜೆಯ ಸದ್ದು ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಮೂಲೆಗೆ ಹೋಗಿ ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಸೊಸೆ ಕೆಳಗಿನಿಂದ ಕೂಗಿದಳು. "ಮಾವ, ಹೇಗಿದೆ?"

ಮಾವ ಕಿಟಕಿಯಲ್ಲಿ ಬಗ್ಗಿದರು. ಕಣ್ಣು ಒದ್ದೆಯಾಗಿತ್ತು.

"ಗಟ್ಟಿ ಇದೆ ಕಣಮ್ಮ. ಆದ್ರೂ ನನಗೆ ಭಯ ಹೋಗಿಲ್ಲ. ಹೋಗೋದೂ ಬೇಡ. ಭಯ ಇರಲಿಲ್ಲ ಅಂತಾನೇ ಇಷ್ಟು ವರ್ಷ ನಾನು ಬುಡ ನೋಡಲಿಲ್ಲ."

ಸೊಸೆ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಬ್ಬಿಣವನ್ನು ಶಪಿಸಬೇಡಿ, ಅದನ್ನು ಪೂಜಿಸುವುದೂ ಬೇಡ. ನೋಡಿಕೊಳ್ಳಿ. ಒಣಗಿಸಿಟ್ಟರೆ ಅದು ಮೊಮ್ಮಕ್ಕಳ ಕಾಲದವರೆಗೂ ನಿಲ್ಲುತ್ತದೆ, ನಿಮ್ಮ ಮನೆ ಬಿಟ್ಟು ಇನ್ನೊಂದು ಮನೆಯನ್ನೂ ಹೊರುತ್ತದೆ, ಕೊನೆಗೆ ಕರಗಿ ಮತ್ತೆ ಹುಟ್ಟುತ್ತದೆ. ಕಟ್ಟಿಸುವಾಗ ಬೇಕಾದಷ್ಟೇ ಹಾಕಿಸಿ, ಆದಷ್ಟು ಬಿಚ್ಚಲು ಬರುವಂತೆ ಹಾಕಿಸಿ. ಹಳೆಯದನ್ನು ಬಳಸುವ ಮುಂಚೆ ತಿಳಿದವರಿಂದ ಅಳೆಸಿ. ಕೆಟ್ಟದ್ದನ್ನು ಕಸಕ್ಕೆ ಎಸೆಯದೆ ಗುಜರಿಗೆ ಕೊಡಿ. ಗಟ್ಟಿ ಇರುವುದನ್ನು ಬೇಸರಕ್ಕೋ ಸಿಟ್ಟಿಗೋ ಕಿತ್ತುಹಾಕಬೇಡಿ, ಅದಕ್ಕಾಗಿ ಆಗಲೇ ಒಂದು ಗುಡ್ಡ ಕರಗಿದೆ.

ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಮನೆಯ ಕಂಬದ ಹತ್ತಿರ ಹೋಗಿ. ಬಣ್ಣ ನೋಡಬೇಡಿ. ಬಗ್ಗಿ ಬುಡ ನೋಡಿ. ಮೇಲೆ ನಿಮ್ಮವರು ಮಲಗಿದ್ದಾರೆ.